ಆಟಿ ತಿಂಗಳಲ್ಲಿ ಕಂಪ್ಯೂಟರ್ ಏಳದಿದ್ದರೆ

ಉಡುಪಿಯ ಮನೆಗಳಲ್ಲಿ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್ ಹೊತ್ತಿನ ಮಳೆಗಾಲ) ಉಪ್ಪಿನ ಭರಣಿಯ ಮುಚ್ಚಳ ತೆಗೆದರೆ ಮೇಲ್ಪದರ ನೀರಾಗಿರುತ್ತದೆ. ಗಾಳಿಯ ಆರ್ದ್ರತೆ ಶೇ 75ನ್ನು ದಾಟಿತೆಂದರೆ ಉಪ್ಪು ತಾನಾಗಿಯೇ ಗಾಳಿಯಿಂದ ನೀರು ಹೀರಿಕೊಂಡು ಕರಗತೊಡಗುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿ ಅದಕ್ಕಿಂತ ಒಣಗುವುದೇ ಅಪರೂಪ. ಮಲ್ಪೆ, ಕಾಪು ಕಡೆಯ ಕಡಲ ಗಾಳಿ ಹೊತ್ತು ತರುವ ಉಪ್ಪಿನ ಕಣಗಳು ಮೇಜಿನ ಕೆಳಗಿರುವ ಕಂಪ್ಯೂಟರಿನ ಹೊಟ್ಟೆಯೊಳಗೂ ದೂಳಿನ ಜೊತೆ ಕುಳಿತಿರುತ್ತವೆ. ಭರಣಿಯಲ್ಲಿ ಮಾಡುವ ಕೆಲಸವನ್ನೇ ಅಲ್ಲಿಯೂ ಮಾಡುತ್ತವೆ. ಲೋಹದ ತುದಿಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬು ಕಟ್ಟುತ್ತದೆ. ಹದಿನೈದು ದಿನ ಮುಟ್ಟದೆ ಬಿಟ್ಟ ಯಂತ್ರ ಒಂದು ಬೆಳಿಗ್ಗೆ ಗುಂಡಿ ಒತ್ತಿದರೂ ಏಳುವುದಿಲ್ಲ.

ಅಂಗಡಿಗೆ ಹೊತ್ತೊಯ್ದರೆ ‘ಮದರ್‌ಬೋರ್ಡ್ ಹೋಗಿದೆ’ ಎಂಬ ತೀರ್ಪು ಐದೇ ನಿಮಿಷದಲ್ಲಿ ಸಿಗುವುದುಂಟು. ಮದರ್‌ಬೋರ್ಡ್ ಎಂದರೆ ಒಳಗಿನ ಎಲ್ಲ ಭಾಗಗಳೂ ಬಂದು ಸೇರುವ ಮುಖ್ಯ ಹಲಗೆ. ನನ್ನ ಕೈಗೆ ಹೀಗೆ ಸತ್ತು ಬಂದ ಕಂಪ್ಯೂಟರುಗಳಲ್ಲಿ ಬಹುಪಾಲು ಸತ್ತಿರಲಿಲ್ಲ. ಆದ್ದರಿಂದ ಹಣ ಬಿಚ್ಚುವ ಮೊದಲು ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಹಳೆಯ ಮೆತ್ತನೆಯ ಪೇಂಟಿಂಗ್ ಬ್ರಷ್, ಒಂದು ಟಾರ್ಚ್ ಸಾಕು.

ಮೊದಲು ನೋಡಬೇಕಾದದ್ದು ಯಂತ್ರ ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂಬುದನ್ನು. ಗುಂಡಿ ಒತ್ತಿದಾಗ ದೀಪವೂ ಇಲ್ಲ, ಸದ್ದೂ ಇಲ್ಲ ಎಂದರೆ ಅದು ವಿದ್ಯುತ್ತಿನ ತಕರಾರು. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಎಂದರೆ ಹೆಚ್ಚಾಗಿ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್. ಪರದೆಯಲ್ಲಿ ಅಕ್ಷರ ಬಂದು ವಿಂಡೋಸ್ ಬರದಿದ್ದರೆ ಡಿಸ್ಕ್ ಅಥವಾ ಸೆಟ್ಟಿಂಗ್. ಈ ಮೂರನ್ನು ಬೆರೆಸಿಕೊಂಡವರು ವಿದ್ಯುತ್ತೇ ಬಾರದ ಯಂತ್ರಕ್ಕೆ ವಿಂಡೋಸ್ ಹಾಕಿಸಲು ಹೋಗುತ್ತಾರೆ.

ಸದ್ದೇ ಇಲ್ಲದಿದ್ದರೆ

ಗೋಡೆಯಿಂದ ಆರಂಭಿಸಿ ಒಳಕ್ಕೆ ಬನ್ನಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಅಥವಾ ಟೇಬಲ್ ಲ್ಯಾಂಪ್ ಸಿಕ್ಕಿಸಿ ನೋಡಿ. ಆಮೇಲೆ ಯುಪಿಎಸ್ ಅನ್ನು ಬದಿಗೆ ಸರಿಸಿ, ಕಂಪ್ಯೂಟರಿನ ತಂತಿಯನ್ನು ನೇರವಾಗಿ ಗೋಡೆಗೆ ಕೊಡಿ. ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್‌-ಅವರ್‌ನ ಬ್ಯಾಟರಿ ಇರುತ್ತದೆ. ನಮ್ಮ ಕರೆಂಟಿನ ಕಣ್ಣಾಮುಚ್ಚಾಲೆಯಲ್ಲಿ ಅದು ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಬ್ಯಾಟರಿ ಸತ್ತರೆ ಕೆಲವು ಯುಪಿಎಸ್‌ಗಳು ಗೋಡೆಯಲ್ಲಿ ಕರೆಂಟ್ ಇದ್ದರೂ ಮುಂದಕ್ಕೆ ಬಿಡುವುದಿಲ್ಲ. ಬೈಯಿಸಿಕೊಳ್ಳುವುದು ಮಾತ್ರ ಕಂಪ್ಯೂಟರ್.

ಕಂಪ್ಯೂಟರ್ ಡಬ್ಬಿಯ ಹಿಂಬದಿಯಲ್ಲಿ, ತಂತಿ ಸಿಕ್ಕಿಸುವ ಜಾಗದ ಪಕ್ಕ ಒಂದು ಸ್ವಿಚ್ ಇರುತ್ತದೆ. ನೆಲ ಒರೆಸುವಾಗ ಕೋಲು ತಾಗಿ ಅದು ಆಫ್ ಆಗಿರಬಹುದು. ಹಳೆಯ ಕೆಲವು ಯಂತ್ರಗಳಲ್ಲಿ ಅಲ್ಲೇ 115, 230 ಎಂದು ಬರೆದ ಇನ್ನೊಂದು ಕೆಂಪು ಸ್ವಿಚ್ ಇರುತ್ತದೆ. ಅದು ಯಾವಾಗಲೂ 230ರಲ್ಲಿಯೇ ಇರಬೇಕು. 115ಕ್ಕೆ ಸರಿಸಿ ಕರೆಂಟ್ ಕೊಟ್ಟರೆ ಪಟಾಕಿ ಸಿಡಿದಂತೆ ಸದ್ದಾಗಿ, ಯಂತ್ರಕ್ಕೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ಸುಟ್ಟುಹೋಗುತ್ತದೆ.

ಇಷ್ಟಾದರೂ ಏಳದಿದ್ದರೆ ಡಬ್ಬಿ ತೆರೆಯಬೇಕು. ಗೋಡೆಯಿಂದ ತಂತಿಯನ್ನು ಪೂರ್ತಿ ಕಳಚಿ, ಪವರ್ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ತು ಬಹುಪಾಲು ಹರಿದುಹೋಗುತ್ತದೆ. ಅಚ್ಚರಿಯೆಂದರೆ, ಮರಳಿ ತಂತಿ ಸಿಕ್ಕಿಸಿದಾಗ ಇಷ್ಟಕ್ಕೇ ಎದ್ದು ಕೂರುವ ಯಂತ್ರಗಳೂ ಇವೆ, ಒಮ್ಮೆ ಪ್ರಯತ್ನಿಸಿ. ಏಳದಿದ್ದರೆ ತಂತಿಯನ್ನು ಮತ್ತೆ ಕಳಚಿ, ಪಕ್ಕದ ಬಾಗಿಲು ತೆಗೆದು ಟಾರ್ಚ್ ಬಿಡಿ. ನಮ್ಮ ಊರಿನಲ್ಲಿ ಒಳಗೆ ಏನು ಕಾಣುತ್ತದೆ ಎಂದು ಹೇಳಲಾಗದು: ಮುರಮಣ್ಣಿನ ಕೆಂಪು ದೂಳು, ಕಣಜದ ಮಣ್ಣಿನ ಗೂಡು, ಹಲ್ಲಿಯ ಮೊಟ್ಟೆ. ನೆರೆಮನೆಯ ಯಂತ್ರವೊಂದರಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದ ಇರುವೆಗಳು ಮುಂಬದಿಯ ಗುಂಡಿಯ ಒಳಗೇ ಸಂಸಾರ ಹೂಡಿದ್ದವು. ಗುಂಡಿ ಒತ್ತಿದರೆ ಒಳಗಿನ ಸ್ವಿಚ್ ತಾಗುತ್ತಿರಲಿಲ್ಲ. ಬ್ರಷ್ ಆಡಿಸಿದ ಮೇಲೆ ಎಲ್ಲವೂ ಸರಿಯಾಯಿತು.

ಬೋರ್ಡಿಗೆ ಎರಡು ಮುಖ್ಯ ತಂತಿಗಳು ಬರುತ್ತವೆ. 24 ಪಿನ್ನಿನ ದೊಡ್ಡದು ಒಂದು, ಪ್ರೊಸೆಸರ್ (ಫ್ಯಾನಿನ ಅಡಿಯ ಮುಖ್ಯ ಚಿಪ್) ಬಳಿ 4 ಅಥವಾ 8 ಪಿನ್ನಿನ ಸಣ್ಣದು ಇನ್ನೊಂದು. ಎರಡನ್ನೂ ಕಳಚಿ, ಕೊಕ್ಕೆ ‘ಟಕ್’ ಎನ್ನುವಂತೆ ಮತ್ತೆ ಒತ್ತಿ. ಸಣ್ಣದನ್ನು ಮರೆಯುವವರೇ ಹೆಚ್ಚು. ಬೋರ್ಡಿನ ಮೇಲೆ ನಿಂತಿರುವ, ವಿದ್ಯುತ್ತು ಹಿಡಿದಿಡುವ ಉರುಟು ಕೆಪಾಸಿಟರುಗಳ ತಲೆಯನ್ನೂ ನೋಡಿ. ಅವು ಚಪ್ಪಟೆಯಾಗಿರಬೇಕು, ಉಬ್ಬಿದ್ದರೆ, ಕಂದು ಬಣ್ಣದ ರಸ ಸುರಿದಿದ್ದರೆ ಬೋರ್ಡ್ ನಿಜವಾಗಿಯೂ ಹೋಗುವ ದಾರಿಯಲ್ಲಿದೆ.

ಎಸ್‌ಎಂಪಿಎಸ್ ಬದುಕಿದೆಯೇ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಗೋಡೆಯ ತಂತಿ ಕಳಚಿದ ಸ್ಥಿತಿಯಲ್ಲಿಯೇ ಅದರ ಎಲ್ಲ ತಂತಿಗಳನ್ನೂ ಬೋರ್ಡ್, ಡಿಸ್ಕ್‌ಗಳಿಂದ ಬಿಡಿಸಿ, 24 ಪಿನ್ನಿನ ತುದಿಯಲ್ಲಿ ಹಸಿರು ತಂತಿಯ ರಂಧ್ರಕ್ಕೂ ಯಾವುದಾದರೊಂದು ಕಪ್ಪು ತಂತಿಯ ರಂಧ್ರಕ್ಕೂ ಕಾಗದದ ಕ್ಲಿಪ್ ಒಂದನ್ನು ಬಗ್ಗಿಸಿ ಸೇರಿಸಿ. ಕೈ ತೆಗೆದ ಮೇಲೆ ಕರೆಂಟ್ ಹಾಕಿ. ಅದರ ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಸತ್ತಿರುವ ಸಾಧ್ಯತೆ ಹೆಚ್ಚು. ತಿರುಗಿದರೆ ಅದಕ್ಕೆ ಜೀವವಿದೆ ಎಂದಷ್ಟೇ ಅರ್ಥ, ಭಾರ ಹೊರುವ ತ್ರಾಣವಿದೆ ಎಂದಲ್ಲ. ಈಗಿನ ಕೆಲವು ಮಾದರಿಗಳಲ್ಲಿ ಎಲ್ಲ ತಂತಿಗಳೂ ಕಪ್ಪು. ಬಣ್ಣದಿಂದ ಗುರುತು ಸಿಗದಿದ್ದರೆ ಈ ಪ್ರಯೋಗವನ್ನು ಬಿಟ್ಟುಬಿಡಿ. ಎಸ್‌ಎಂಪಿಎಸ್‌ನ ಡಬ್ಬಿಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬೇಡಿ. 230 ವೋಲ್ಟಿನ ಮನೆಯ ಕರೆಂಟ್ ಒಳಗೆ ಸುಮಾರು 325 ವೋಲ್ಟಾಗಿ ಕೆಪಾಸಿಟರಿನಲ್ಲಿ ತುಂಬಿರುತ್ತದೆ, ತಂತಿ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕಾದು ಕುಳಿತಿರುತ್ತದೆ.

ಫ್ಯಾನ್ ತಿರುಗಿ ಪರದೆ ಕಪ್ಪಾಗಿದ್ದರೆ

ಮಾನಿಟರಿನ ತಂತಿ ಸರಿಯಾದ ಜಾಗದಲ್ಲಿದೆಯೇ ನೋಡಿ. ಪರದೆಯ ಚಿತ್ರಕ್ಕೆಂದೇ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ತಂತಿ ಆ ಕಾರ್ಡಿಗೇ ಹೋಗಬೇಕು. ಇದು ಸರಿಯಿದ್ದರೆ ಮುಂದಿನ ಗುಮಾನಿ ರ‍್ಯಾಮ್ ಮೇಲೆ. ಉಪ್ಪಿನ ಭರಣಿಯ ಕತೆ ನಿಜವಾಗುವುದು ಇಲ್ಲಿಯೇ.

ತಂತಿ ಕಳಚಿ, ಡಬ್ಬಿಯ ಬಣ್ಣ ಬಳಿಯದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಥಿರ ವಿದ್ಯುತ್ತು ಇಳಿಯಲಿ. ರ‍್ಯಾಮ್ ಪಟ್ಟಿಯ ತುದಿಗಳಲ್ಲಿರುವ ಕೊಕ್ಕೆ ಸರಿಸಿ ಅದನ್ನು ಮೇಲಕ್ಕೆ ಎಳೆಯಿರಿ. ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳ ಸಾಲು ಕಾಣುತ್ತದೆ. ಅದನ್ನು ರಬ್ಬರಿನಿಂದ ಉಜ್ಜುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮದ್ದು. ಮದ್ದು ಹೌದು, ಆದರೆ ಆ ಚಿನ್ನದ ಲೇಪ ಬಹಳ ತೆಳು. ಬಿಳಿಯ ಮೆತ್ತನೆಯ ರಬ್ಬರಿನಲ್ಲಿ ಹಗುರವಾಗಿ ನಾಲ್ಕು ಸಲ ಎಳೆದು, ಉದುರಿದ ಚೂರುಗಳನ್ನು ಪೂರ್ತಿ ಒರೆಸಿ. ಶಾಯಿ ಅಳಿಸುವ ಒರಟು ರಬ್ಬರ್ ಬೇಡ. ನನ್ನನ್ನು ಕೇಳಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯೇ ಮೇಲು. ಸ್ಲಾಟಿನೊಳಗೆ ಒಣ ಬ್ರಷ್ ಆಡಿಸಿ. ಬಾಯಿಂದ ಊದಬೇಡಿ, ಒದ್ದೆಯನ್ನು ಓಡಿಸಲು ಹೊರಟು ಉಗುಳಿನ ಹನಿ ಸೇರಿಸಿದಂತಾಗುತ್ತದೆ.

ಎರಡು ಪಟ್ಟಿಗಳಿದ್ದರೆ ಒಂದನ್ನು ಮಾತ್ರ ಹಾಕಿ ಪ್ರಯತ್ನಿಸಿ, ಮತ್ತೆ ಇನ್ನೊಂದನ್ನು, ಮತ್ತೆ ಬೇರೆ ಸ್ಲಾಟಿನಲ್ಲಿ. ಬೇಸರದ ಕೆಲಸ, ಆದರೆ ಕೆಟ್ಟದ್ದು ಪಟ್ಟಿಯೋ ಸ್ಲಾಟೋ ಎಂದು ತಿಳಿಯಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಸ್ಪೀಕರ್ ಇರುವ ಬೋರ್ಡ್ ರ‍್ಯಾಮ್ ಸಿಗದಿದ್ದರೆ ‘ಬೀಪ್’ ಎಂದು ಬಿಟ್ಟು ಬಿಟ್ಟು ಅರಚುತ್ತದೆ. ಹಲವು ಹೊಸ ಬೋರ್ಡುಗಳಲ್ಲಿ ಸದ್ದಿನ ಬದಲು ಸಿಪಿಯು, ಡಿ-ರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ದೀಪಗಳಿರುತ್ತವೆ. ಆರದೆ ಉಳಿದ ದೀಪವೇ ರೋಗದ ಹೆಸರು. (ನಾವು ಇಡೀ ಡಬ್ಬಿಯನ್ನೇ ಸಿಪಿಯು ಎನ್ನುತ್ತೇವೆ. ಬೋರ್ಡ್ ಹೇಳುವ ಸಿಪಿಯು ಫ್ಯಾನಿನ ಅಡಿಯಲ್ಲಿರುವ, ಬಿಸ್ಕತ್ತಿನಷ್ಟು ದೊಡ್ಡ ಚಿಪ್.)

ಒಳಗೆ ಪಸೆ ಕಂಡರೆ ಅಂದು ಕರೆಂಟ್ ಕೊಡಲೇಬೇಡಿ. ಎಸಿ ಇರುವ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಒಂದು ದಿನ ಒಣಗಲು ಬಿಡಿ. ಹೇರ್ ಡ್ರೈಯರ್ ಬಿಸಿ ಬೇಡ. ಎಸಿ ಕೋಣೆಯಿಂದ ತಣ್ಣಗಿನ ಯಂತ್ರವನ್ನು ನೇರ ಜಗಲಿಗೆ ತಂದರೆ ಅದರ ಮೇಲೆ ಇಬ್ಬನಿ ಕಟ್ಟುತ್ತದೆ, ಆಗ ಒಂದೆರಡು ಗಂಟೆ ಕಾದು ಹಾಕಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವವರಿದ್ದಾರೆ. ನಾಲ್ಕೂ ಕಡೆ ರಂಧ್ರವಿರುವ ಡಬ್ಬಿಯಲ್ಲಿ ಅದು ಇಡೀ ಉಡುಪಿಯ ಗಾಳಿಯನ್ನು ಒಣಗಿಸಲು ಹೊರಟಂತೆ. ದಿನಕ್ಕೆ ಅರ್ಧ ಗಂಟೆ ಯಂತ್ರ ಓಡಿಸುವುದೇ ಒಳ್ಳೆಯ ಮದ್ದು, ಅದರ ಬಿಸಿಯೇ ಅದನ್ನು ಒಣಗಿಸಿಕೊಳ್ಳುತ್ತದೆ.

ಅಕ್ಷರ ಬಂದು ನಿಂತರೆ

ತಾರೀಖು ತಪ್ಪಿದೆ ಎಂಬ ಅರ್ಥದ ಸಂದೇಶ ಬಂದರೆ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಮುಗಿದಿದೆ. ಸಿಆರ್2032 ಎಂದು ಕೇಳಿ, 3 ವೋಲ್ಟಿನದ್ದು, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹಾಕಿದ ಮೇಲೆ, ಯಂತ್ರ ಏಳುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬೋರ್ಡಿನ ಸೆಟ್ಟಿಂಗ್ ಪುಟ ಹೊಕ್ಕು ತಾರೀಖು ಸರಿಪಡಿಸಿ. ಸೆಲ್ ಹೋದಾಗ ಡಿಸ್ಕಿನ ಸೆಟ್ಟಿಂಗ್ ಮೂಲಸ್ಥಿತಿಗೆ ಮರಳಿ, ವಿಂಡೋಸ್ ನೀಲಿ ಪರದೆ ತೋರಿಸುವುದುಂಟು. ಮೊದಲು ಎಎಚ್‌ಸಿಐ (ಬೋರ್ಡ್ ಡಿಸ್ಕಿನೊಡನೆ ಮಾತಾಡುವ ಒಂದು ಕ್ರಮ) ಇದ್ದದ್ದು ಬದಲಾಗಿದ್ದರೆ ಮತ್ತೆ ಅದಕ್ಕೇ ತನ್ನಿ. ಬೂಟ್ ಡಿವೈಸ್ (ವಿಂಡೋಸ್ ಇರುವ ಡಿಸ್ಕ್) ಸಿಗಲಿಲ್ಲ ಎಂದರೆ ಮೊದಲು ಪೆನ್ ಡ್ರೈವ್ ಕಿತ್ತು ನೋಡಿ. ಆಮೇಲೆ ಡಿಸ್ಕಿನ ಎರಡೂ ತಂತಿಗಳನ್ನು ಒತ್ತಿ. ಹಾರ್ಡ್ ಡಿಸ್ಕಿನಿಂದ ‘ಟಕ್ ಟಕ್’ ಸದ್ದು ಬರುತ್ತಿದ್ದರೆ ಆ ಕ್ಷಣವೇ ಆಫ್ ಮಾಡಿ. ಪ್ರತಿ ಸಲ ಹಾಕಿದಾಗಲೂ ಒಳಗಿನ ಫೋಟೊಗಳಲ್ಲಿ ಒಂದಷ್ಟು ಕೈಬಿಟ್ಟುಹೋಗಬಹುದು.

ಸಿಡಿಲಿನ ಕಾಲ ಬೇರೆ, ಮಳೆಯ ಕಾಲ ಬೇರೆ. ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನ ಹೊತ್ತಿಗೆ, ಗುಡುಗು ದೂರದಲ್ಲಿರುವಾಗಲೇ ಗೋಡೆಯ ತಂತಿಯ ಜೊತೆಗೆ ರೌಟರಿನಿಂದ ಬರುವ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡಿ. ಫೈಬರಿನ ಗಾಜಿನ ಎಳೆ ಸಿಡಿಲನ್ನು ತಾರದಿದ್ದರೂ ರೌಟರಿನಿಂದ ಈಚೆಗಿನ ತಂತಿ ತಾಮ್ರದ್ದು. ಸಿಡಿಲಿನ ಮರುದಿನ ಏಳದ ಯಂತ್ರಕ್ಕೆ ಮೇಲಿನ ಉಪಾಯಗಳು ನಾಟುವುದು ಕಡಿಮೆ.

ಎಲ್ಲ ಮಾಡಿಯೂ ಏಳಲಿಲ್ಲವೆಂದರೆ ಅಂಗಡಿಗೆ ಹೋಗಬೇಕಾದದ್ದೇ. ನೀವು ಕಂಡದ್ದನ್ನು, ಯಾವ ದೀಪ ಉರಿಯಿತು, ಎಷ್ಟು ಸಲ ಬೀಪ್ ಎಂದಿತು ಎಂಬುದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ. ತೆಗೆದ ಹಳೆಯ ಭಾಗವನ್ನು ವಾಪಸ್ ಕೊಡಬೇಕೆಂದು ಮೊದಲೇ ಹೇಳಿ. ವಿದ್ಯುತ್ತು, ರ‍್ಯಾಮ್, ಬೋರ್ಡಿನ ಪರೀಕ್ಷೆಗೆ ಹಾರ್ಡ್ ಡಿಸ್ಕ್ ಬೇಕಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಅದನ್ನು ಬಟ್ಟೆಯಲ್ಲಿ ಸುತ್ತಿ ಮನೆಯ ಕಪಾಟಿನಲ್ಲಿಟ್ಟು ಹೊರಡಿ.