ಮನೆಯಲ್ಲೇ ಡಿಜೆ ಕಲಿಯಲು ಯಾವ ಕಂಟ್ರೋಲರ್? ದೀಪ ನೋಡಿ ಮರುಳಾಗಬೇಡಿ

ಡಿಜೆ ಕಂಟ್ರೋಲರ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಮಿನುಗುವ ಪ್ಯಾಡ್‌ಗಳ ಕಡೆಗೆ. ಆದರೆ ಹೊಸಬರ ಮೊದಲ ವರ್ಷ ಬಹುಪಾಲು ಕಳೆಯುವುದು ಎರಡು ಹಾಡುಗಳ ಬೀಟ್ ಕೂಡಿಸಿ ಒಂದರಿಂದ ಇನ್ನೊಂದಕ್ಕೆ ಗೊತ್ತಾಗದಂತೆ ದಾಟುವುದನ್ನು ಕಲಿಯುವುದರಲ್ಲೇ. ಅದಕ್ಕೆ ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸುವ ವ್ಯವಸ್ಥೆ ಬೇಕು, ಹಾಡಿನ ವೇಗ ಏರಿಳಿಸುವ, ಹೇಳಿದಂತೆ ಕೇಳುವ ಟೆಂಪೊ ಫೇಡರ್ ಬೇಕು, ಹಾಡನ್ನು ಮುಂದೆ ಹಿಂದೆ ಜರುಗಿಸಲು ಕೈಗೆ ಹದವಾಗಿ ಸಿಗುವ ತಟ್ಟೆ, ಅಂದರೆ ಜಾಗ್ ವೀಲ್ ಬೇಕು. ಕಡಿಮೆ ಬಜೆಟ್ಟಿನಲ್ಲಿ ದುಡ್ಡು ಹಾಕಬೇಕಾದ್ದು ಇಲ್ಲಿಗೇ.

ಮೊದಲ ಹೆಜ್ಜೆ: ಲ್ಯಾಪ್‌ಟಾಪ್ ತಡೆಯುತ್ತದೆಯೇ ನೋಡಿ

ಕಂಟ್ರೋಲರ್ ತಾನಾಗಿ ಹಾಡು ನುಡಿಸುವುದಿಲ್ಲ. ನೀವು ಗುಂಡಿ ಒತ್ತಿದ್ದನ್ನು, ಫೇಡರ್ ಸರಿಸಿದ್ದನ್ನು ಲ್ಯಾಪ್‌ಟಾಪಿಗೆ ತಿಳಿಸುತ್ತದೆ, ಅಷ್ಟೇ. ಹಾಡನ್ನು ಓಡಿಸುವುದು, ವೇಗ ಬದಲಿಸುವುದು, ಬೆರೆಸುವುದು ಎಲ್ಲ ಸಾಫ್ಟ್‌ವೇರ್ ಕೆಲಸ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಹೆಸರಿನ ಕೊನೆಯಲ್ಲಿ ಮೂರು ಎಕ್ಸ್ ಅಕ್ಷರಗಳಿವೆ, ಹುಡುಕುವಾಗ ನೆನಪಿರಲಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ಒಂದೊಂದು ಹಾಡು ಓಡಿಸುವ ಭಾಗಕ್ಕೆ ಡೆಕ್ ಎನ್ನುತ್ತಾರೆ. ಎರಡೂ ಡೆಕ್‌ಗಳಿಗೆ ಹಾಡು ಹಾಕಿ, ವೇಗ ಬದಲಾದರೂ ಶ್ರುತಿ ಬದಲಾಗದಂತೆ ತಡೆಯುವ ಕೀ ಲಾಕ್ ಒತ್ತಿ, ಅರ್ಧ ಗಂಟೆ ಬಿಡದೆ ಓಡಿಸಿ. ನಡುನಡುವೆ ಚಟಪಟ ಸದ್ದು ಬಂದರೆ, ಹಾಡು ತಡವರಿಸಿದರೆ, ತೊಂದರೆ ಹೆಚ್ಚಾಗಿ ಲ್ಯಾಪ್‌ಟಾಪಿನದು. ದುಬಾರಿ ಕಂಟ್ರೋಲರ್ ತಂದ ಮಾತ್ರಕ್ಕೆ ಅದು ಹೋಗುವುದಿಲ್ಲ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಎರಡು ಡೆಕ್‌ಗೆ ಧಾರಾಳ. ಹಾಡಿನಿಂದ ದನಿಯನ್ನೂ ವಾದ್ಯವನ್ನೂ ಬೇರ್ಪಡಿಸುವ ಸ್ಟೆಮ್ಸ್ ಸೌಲಭ್ಯ ಮಾತ್ರ ಹಳೆಯ ಲ್ಯಾಪ್‌ಟಾಪನ್ನು ಏದುಸಿರು ಬಿಡಿಸುತ್ತದೆ. ಕಲಿಯುವವರು ಅದನ್ನು ಆಫ್ ಮಾಡಿಟ್ಟರೆ ನಷ್ಟವಿಲ್ಲ.

ಎರಡನೆಯದು: ಒಳಗೆ ಸೌಂಡ್ ಕಾರ್ಡ್ ಇದೆಯೇ?

ಅಗ್ಗದ ಮಾಡೆಲ್‌ಗಳಲ್ಲಿ ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಸ್ಪೀಕರಿಗೆ ಒಂದು ಹಾಡು, ಹೆಡ್‌ಫೋನಿಗೆ ಇನ್ನೊಂದು ಹಾಡು ಹೋಗಬೇಕಾದರೆ ಎರಡು ಜೋಡಿ ಸ್ಟೀರಿಯೊ ಔಟ್‌ಪುಟ್ ಬೇಕು. ಲ್ಯಾಪ್‌ಟಾಪಿನ ಜಾಕ್‌ನಲ್ಲಿ ಇರುವುದು ಒಂದೇ ಜೋಡಿ. ಕಂಟ್ರೋಲರ್ ಒಳಗೆ ಸೌಂಡ್ ಕಾರ್ಡ್ ಇದ್ದರೆ 1 ಮತ್ತು 2ನೇ ಚಾನೆಲ್ ಸ್ಪೀಕರಿಗೆ, 3 ಮತ್ತು 4ನೆಯದು ಹೆಡ್‌ಫೋನಿಗೆ ಹೋಗುತ್ತವೆ.

ಗುರುತಿಸುವುದು ಸುಲಭ. ಹಿಂಬದಿಯಲ್ಲಿ ಕೆಂಪು-ಬಿಳಿ ಆರ್‌ಸಿಎ ಸಾಕೆಟ್ ಜೋಡಿ, ಮುಂದೆಯೋ ಪಕ್ಕದಲ್ಲೋ ಹೆಡ್‌ಫೋನ್ ಜಾಕ್ ಇದ್ದರೆ ಕಾರ್ಡ್ ಇದೆ. ಬರೀ ಯುಎಸ್‌ಬಿ ಕಿಂಡಿಯಷ್ಟೇ ಇದ್ದರೆ ಇಲ್ಲ. 2019ರಲ್ಲಿ ಬಂದ ಪಯೋನಿಯರ್ ಡಿಡಿಜೆ-200 ಇಂಥದ್ದೇ. ಅದರ ಜೊತೆ ಕೊಡುವ ಸೀಳು ಕೇಬಲ್ ಎಡ ಚಾನೆಲನ್ನು ಒಂದು ಕಡೆಗೆ, ಬಲ ಚಾನೆಲನ್ನು ಇನ್ನೊಂದು ಕಡೆಗೆ ಕಳಿಸುತ್ತದೆ. ಕೆಲಸ ನಡೆಯುತ್ತದೆ, ಆದರೆ ಎರಡೂ ಕಡೆ ಮೋನೊ. ಸೆಕೆಂಡ್ ಹ್ಯಾಂಡ್‌ನಲ್ಲಿ ತೀರಾ ಕಮ್ಮಿ ಬೆಲೆಗೆ ಸಿಕ್ಕರೆ ಮಾತ್ರ ಯೋಚಿಸಬಹುದು.

ಹೆಡ್‌ಫೋನ್ ಜಾಕ್ ಹತ್ತಿರ ಇನ್ನೊಂದು ನಾಬ್ ಇದೆಯೇ ಅಂತಲೂ ನೋಡಿ. ಕ್ಯೂ (ಬರಲಿರುವ ಹಾಡು) ಮತ್ತು ಮಾಸ್ಟರ್ (ಸ್ಪೀಕರಿಗೆ ಹೋಗುವ ಸದ್ದು) ನಡುವೆ ತಿರುಗಿಸುವ ನಾಬ್ ಅದು. ಓಡುತ್ತಿರುವ ಹಾಡನ್ನೂ ಬರಲಿರುವ ಹಾಡನ್ನೂ ಕಿವಿಯಲ್ಲೇ ಬೆರೆಸಿ ಕೇಳಲು ಬೇಕು. ರಾತ್ರಿ ಸ್ಪೀಕರ್ ಆರಿಸಿ ಬರೀ ಹೆಡ್‌ಫೋನಿನಲ್ಲಿ ಅಭ್ಯಾಸ ಮಾಡುವವರಿಗಂತೂ ಇದಿಲ್ಲದಿದ್ದರೆ ಕೈ ಕಟ್ಟಿದಂತೆ.

ಮೂರನೆಯದು: ಟೆಂಪೊ ಫೇಡರ್

ಚಿಕ್ಕ ಕಂಟ್ರೋಲರ್‌ಗಳಲ್ಲಿ ಈ ಫೇಡರ್ ಕಿರುಬೆರಳಿನಷ್ಟು ಉದ್ದ ಇರುತ್ತದೆ. ಉದ್ದ ಕಡಿಮೆಯಾದಷ್ಟೂ ಸೂಕ್ಷ್ಮವಾಗಿ ಸರಿಸುವುದು ಕಷ್ಟ. ಅದಕ್ಕಿಂತ ದೊಡ್ಡ ಸಂಗತಿ ಕಣ್ಣಿಗೆ ಕಾಣುವುದಿಲ್ಲ. ಕಂಟ್ರೋಲರ್ ಲ್ಯಾಪ್‌ಟಾಪಿಗೆ ಕಳಿಸುವ ಸಾಮಾನ್ಯ ಮಿಡಿ ಸಂದೇಶ 7 ಬಿಟ್‌ನದು, ಅಂದರೆ ಫೇಡರಿನ ಪೂರ್ತಿ ಓಟಕ್ಕೆ 128 ಮೆಟ್ಟಿಲು. 14 ಬಿಟ್ ಆದರೆ 16,384.

ಲೆಕ್ಕ ಹಾಕಿ ನೋಡಿ. ಫೇಡರ್ ವ್ಯಾಪ್ತಿ ಮೇಲಕ್ಕೆ 8, ಕೆಳಕ್ಕೆ 8, ಒಟ್ಟು ಶೇ 16. ಅದನ್ನು 128 ಮೆಟ್ಟಿಲಿಗೆ ಹಂಚಿದರೆ ಒಂದೊಂದಕ್ಕೆ ಶೇ 0.125. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಮೆಟ್ಟಿಲೆಂದರೆ 0.15 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್ ಎಂಬ ಲೆಕ್ಕ). ಅಷ್ಟು ವ್ಯತ್ಯಾಸ ಉಳಿದರೆ ಒಂದು ನಿಮಿಷದಲ್ಲಿ ಎರಡು ಹಾಡುಗಳ ಬೀಟ್ 75 ಮಿಲಿಸೆಕೆಂಡ್ ದೂರ ಸರಿಯುತ್ತದೆ, ಕಿಕ್ ಡ್ರಮ್ ಎರಡೆರಡು ಸಲ ಹೊಡೆದ ಹಾಗೆ ಕೇಳುತ್ತದೆ. ಆಗ ಕಲಿಯುವವರು ತಮ್ಮ ಕಿವಿಯನ್ನೇ ದೂರುತ್ತಾರೆ, ಪಾಪ. ಮಾಡೆಲ್ಲಿನ ವಿವರದಲ್ಲಿ 14 ಬಿಟ್ ಅಥವಾ ಹೈ ರೆಸಲ್ಯೂಷನ್ ಎಂದಿದೆಯೇ ನೋಡಿ. ಈಗಾಗಲೇ 7 ಬಿಟ್‌ನದ್ದು ಮನೆಯಲ್ಲಿದ್ದರೆ ಸಾಫ್ಟ್‌ವೇರಿನಲ್ಲಿ ಫೇಡರ್ ವ್ಯಾಪ್ತಿಯನ್ನು ಆದಷ್ಟು ಕಿರಿದು ಮಾಡಿಕೊಳ್ಳಿ, ಮೆಟ್ಟಿಲುಗಳೂ ಅಷ್ಟೇ ಚಿಕ್ಕದಾಗುತ್ತವೆ.

ಅಂಗಡಿಯಲ್ಲಿ ಪರೀಕ್ಷಿಸಲು ಬಿಟ್ಟರೆ ಫೇಡರನ್ನು ಉಗುರಿನ ತುದಿಯಿಂದ ಸ್ವಲ್ಪ ಸ್ವಲ್ಪವೇ ತಳ್ಳುತ್ತ ಪರದೆಯ ಬಿಪಿಎಂ ನೋಡಿ. 120.00, 120.02, 120.05 ಹೀಗೆ ನಯವಾಗಿ ಏರಬೇಕು. 120.00ಯಿಂದ 120.15ಕ್ಕೆ ಜಿಗಿದರೆ ಬೇರೆಯದನ್ನು ಕೇಳಿ.

ನಾಬ್‌ಗಳನ್ನು ಎಣಿಸಿ

ಪ್ರತಿ ಚಾನೆಲ್‌ಗೂ ತಾರ, ಮಧ್ಯ, ಮಂದ್ರ ಸದ್ದನ್ನು ಬೇರೆಬೇರೆಯಾಗಿ ಏರಿಳಿಸುವ ಹೈ, ಮಿಡ್, ಲೋ ಎಂಬ ಮೂರು ಈಕ್ಯೂ ನಾಬ್, ಅವುಗಳ ಮೇಲೆ ಹಾಡಿನ ಒಟ್ಟು ಸದ್ದನ್ನು ಹೊಂದಿಸುವ ಗೇನ್ ಅಥವಾ ಟ್ರಿಮ್, ಕೆಳಗೊಂದು ವಾಲ್ಯೂಮ್ ಫೇಡರ್ ಇರಲಿ. ಹಾಡು ದಾಟಿಸುವಾಗ ಎರಡೂ ಹಾಡುಗಳ ಬೇಸ್ ಒಟ್ಟಿಗೆ ಬಿದ್ದರೆ ಗದ್ದಲವಾಗುತ್ತದೆ. ಒಂದರ ಲೋ ಇಳಿಸುತ್ತ ಇನ್ನೊಂದರ ಲೋ ಏರಿಸುವುದೇ ದಾಟಿಸುವ ಕೆಲಸದ ಅರ್ಧ ಪಾಲು. ಕೈಚೀಲದಲ್ಲಿ ಹಿಡಿಸುವ ನ್ಯೂಮಾರ್ಕ್ ಡಿಜೆ2ಗೋ2 ಟಚ್‌ನಲ್ಲಿ ಸೌಂಡ್ ಕಾರ್ಡ್ ಇದೆ, ಈಕ್ಯೂ ನಾಬ್‌ಗಳಿಲ್ಲ. ಪ್ರಯಾಣಕ್ಕೆ ಚೆನ್ನ, ಕಲಿಕೆಗೆ ಸಾಲದು.

ಜಾಗ್ ವೀಲ್ ಮುಟ್ಟಿದ್ದನ್ನು ಗುರುತಿಸುವಂತಿರಬೇಕು. ತಟ್ಟೆಯ ಮೇಲ್ಭಾಗ ಮುಟ್ಟಿದರೆ ಹಾಡು ನಿಲ್ಲಬೇಕು, ಅಂಚನ್ನು ತಿರುಗಿಸಿದರೆ ಹಾಡು ನಿಲ್ಲದೆ ತುಸು ಮುಂದೆ ಹಿಂದೆ ಜರುಗಬೇಕು. ತಟ್ಟೆಯನ್ನು ಹಿಂದೆ ಮುಂದೆ ಆಡಿಸಿ ಸದ್ದು ಹೊರಡಿಸುವ ಸ್ಕ್ರ್ಯಾಚ್ ಕಲಿಯುವ ಆಸೆಯಿದ್ದರೆ ತಟ್ಟೆ ದೊಡ್ಡದಿರಲಿ. ಹಾಡಿನಲ್ಲಿ ಗುರುತಿಟ್ಟ ಜಾಗಕ್ಕೆ ಜಿಗಿಸುವ ಹಾಟ್ ಕ್ಯೂ ಪ್ಯಾಡ್ ಡೆಕ್ಕಿಗೆ 4 ಇದ್ದರೂ ಸಾಕು, 8 ಇದ್ದರೆ ಬೇಡ ಅನ್ನಬೇಕಿಲ್ಲ. ನಾಲ್ಕು ಡೆಕ್? ಈಗ ಬೇಡ.

ಯಾವ ಸಾಫ್ಟ್‌ವೇರ್, ಯಾವ ಮಾಡೆಲ್

ಮುಂದೆ ಕ್ಲಬ್‌ನಲ್ಲಿ ನುಡಿಸುವ ಗುರಿಯಿದ್ದರೆ ರೆಕಾರ್ಡ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಕಲಿತರೆ ಲಾಭ. ಕ್ಲಬ್‌ಗಳಲ್ಲಿ ಹೆಚ್ಚಾಗಿ ಕಾಣುವ ಸಿಡಿಜೆ ಪ್ಲೇಯರ್‌ಗಳು, ಮನೆಯಲ್ಲಿ ಅದರಲ್ಲಿ ಸಿದ್ಧಪಡಿಸಿ ಪೆನ್ ಡ್ರೈವ್‌ಗೆ ಹಾಕಿದ ಹಾಡು, ಕ್ಯೂ ಗುರುತುಗಳನ್ನು ನೇರ ಓದುತ್ತವೆ. ಪಯೋನಿಯರ್ ಡಿಡಿಜೆ-ಎಫ್‌ಎಲ್‌ಎಕ್ಸ್4 ಆ ಯಂತ್ರಗಳ ಜೋಡಣೆಯನ್ನೇ ಅನುಸರಿಸುತ್ತದೆ, ರೆಕಾರ್ಡ್‌ಬಾಕ್ಸ್ ಜೊತೆಗೂ ಸೆರಾಟೊ ಡಿಜೆ ಲೈಟ್ ಎಂಬ ಇನ್ನೊಂದು ಸಾಫ್ಟ್‌ವೇರ್ ಜೊತೆಗೂ ನಡೆಯುತ್ತದೆ. ಹೊಸಬರ ಪಾಲಿಗೆ ಸದ್ಯ ಇದೇ ಸುರಕ್ಷಿತ ಆಯ್ಕೆ.

ಬಜೆಟ್ ಅಲ್ಲಿಯವರೆಗೆ ಎಟುಕದಿದ್ದರೆ ಹರ್ಕ್ಯುಲಿಸ್ ಇನ್‌ಪಲ್ಸ್ 300 ಎಂಕೆ2 ನೋಡಿ. ಮೂರು ಈಕ್ಯೂ ಇದೆ, ಸೌಂಡ್ ಕಾರ್ಡ್ ಇದೆ, ಟೆಂಪೊ ಯಾವ ಕಡೆಗೆ ಸರಿಸಬೇಕೆಂದು ತೋರಿಸುವ ಪುಟ್ಟ ಬಾಣದ ದೀಪಗಳೂ ಇವೆ. ದೀಪಗಳಲ್ಲಿ ಉಪಯೋಗಕ್ಕೆ ಬರುವುದು ಇದೊಂದೇ, ಒಂದೆರಡು ತಿಂಗಳಾದ ಮೇಲೆ ಅದನ್ನೂ ಆರಿಸಿಬಿಡಿ. ಉದ್ದದ ಟೆಂಪೊ ಫೇಡರ್, 6 ಇಂಚಿನ ಜಾಗ್ ವೀಲ್ ಬೇಕೆನ್ನುವವರಿಗೆ ನ್ಯೂಮಾರ್ಕ್ ಮಿಕ್ಸ್‌ಟ್ರ್ಯಾಕ್ ಪ್ರೊ ಎಫ್‌ಎಕ್ಸ್ ಇದೆ. ಹಿಪ್‌ಹಾಪ್, ಸ್ಕ್ರ್ಯಾಚ್ ಕಡೆ ಒಲವಿದ್ದರೆ ಪಯೋನಿಯರ್ ಡಿಡಿಜೆ-ರೆವ್1. ಅದರಲ್ಲಿ ಟೆಂಪೊ ಫೇಡರ್ ಮೇಲ್ತುದಿಯಲ್ಲಿ ಅಡ್ಡಲಾಗಿದೆ, ಸ್ಕ್ರ್ಯಾಚ್ ಮಾಡುವ ಕೈಗೆ ಅಡ್ಡಬರದಿರಲಿ ಅಂತ.

ಕೊಳ್ಳುವ ಮುನ್ನ ಒಂದು ಪರಿಶೀಲನೆ ತಪ್ಪಿಸಬೇಡಿ. ಜೊತೆಗೆ ಬರುವ ಉಚಿತ ಸಾಫ್ಟ್‌ವೇರ್ ನಿಮ್ಮ ವಿಂಡೋಸ್ ಅಥವಾ ಮ್ಯಾಕ್ ಆವೃತ್ತಿಗೆ ಹೊಂದುತ್ತದೆಯೇ, ಆ ಮಾಡೆಲ್‌ಗೆ ಏನೆಲ್ಲ ಉಚಿತ, ಯಾವುದಕ್ಕೆ ತಿಂಗಳ ಚಂದಾ ಎಂದು ಕಂಪನಿಯ ಜಾಲತಾಣದಲ್ಲೇ ಓದಿ. ಅಂಗಡಿಯವರ ಬಾಯಿಮಾತು ಸಾಲದು.

ಎಲ್ಲ ದುಡ್ಡನ್ನೂ ಕಂಟ್ರೋಲರಿಗೇ ಸುರಿಯಬೇಡಿ

ಕೈಯಲ್ಲಿರುವ ದುಡ್ಡಿನಲ್ಲಿ ನಾಲ್ಕನೇ ಒಂದು ಭಾಗ ಹೆಡ್‌ಫೋನ್, ಕೇಬಲ್, ಹಾಡುಗಳಿಗೆ ಎತ್ತಿಡಿ. ಹೆಡ್‌ಫೋನ್ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ವೈರ್ ಇರುವಂಥದ್ದೇ ಆಗಬೇಕು. ಇಂಪೀಡೆನ್ಸ್ 32 ಓಮ್ ಆಸುಪಾಸು ಇರಲಿ. ಸ್ಟುಡಿಯೋದ 250 ಓಮ್ ಹೆಡ್‌ಫೋನ್ ಯುಎಸ್‌ಬಿ ವಿದ್ಯುತ್ತಿನಲ್ಲಿ ನಡೆಯುವ ಕಂಟ್ರೋಲರಿನಲ್ಲಿ ಪಿಸುಗುಟ್ಟುತ್ತದೆ ಅಷ್ಟೆ.

ಬ್ಲೂಟೂತ್ ಸ್ಪೀಕರ್, ಬ್ಲೂಟೂತ್ ಇಯರ್‌ಬಡ್ ಎರಡೂ ಇಲ್ಲಿ ಕೆಲಸಕ್ಕೆ ಬಾರವು. 120 ಬಿಪಿಎಂನಲ್ಲಿ ಒಂದು ಬೀಟ್‌ಗೆ 500 ಮಿಲಿಸೆಕೆಂಡ್. ಬ್ಲೂಟೂತ್ 200 ಮಿಲಿಸೆಕೆಂಡ್ ತಡಮಾಡಿದರೂ ಸ್ಪೀಕರಿನ ಬೀಟ್ ಹೆಡ್‌ಫೋನಿಗಿಂತ ಸುಮಾರು ಅರ್ಧ ಬೀಟ್ ಹಿಂದೆ ಬಿದ್ದಿರುತ್ತದೆ. ಮನೆಯಲ್ಲಿರುವ ಹಳೆಯ ಹೋಂ ಥಿಯೇಟರ್‌ಗೆ ಆಕ್ಸ್ ಕಿಂಡಿ ಇದ್ದರೆ ಆರ್‌ಸಿಎಯಿಂದ 3.5 ಮಿ.ಮೀ. ಕೇಬಲ್ ಹಾಕಿ, ಸಾಕು. ಇಂಥ ಕೇಬಲ್ ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ, ಬೇರೆ ಊರುಗಳಲ್ಲಿ ಟಿವಿ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ

ನಿಮ್ಮ ಲ್ಯಾಪ್‌ಟಾಪನ್ನೇ ಒಯ್ದು, ಅಲ್ಲೇ ಜೋಡಿಸಿ ನೋಡಿ. ಎರಡು ಡೆಕ್‌ಗಳ ನಡುವೆ ಸದ್ದು ದಾಟಿಸುವ ಕ್ರಾಸ್‌ಫೇಡರನ್ನು ಪೂರ್ತಿ ಎಡಕ್ಕೆ ತಳ್ಳಿ ಬಲ ಡೆಕ್ಕಿನ ಹಾಡನ್ನು ಮಾತ್ರ ಓಡಿಸಿ: ಒಂದಿಷ್ಟೂ ಸದ್ದು ಸೋರಬಾರದು. ಟೆಂಪೊ ಫೇಡರನ್ನು ನಡುವಿಗೆ ತಂದಾಗ ಪರದೆಯಲ್ಲಿ ಸೊನ್ನೆ ಬರಬೇಕು, ಕೈ ಬಿಟ್ಟ ಮೇಲೆ ಅಂಕಿ ಕುಣಿಯಬಾರದು. ಕುಣಿದರೆ ಒಳಗೆ ಧೂಳು ಸೇರಿದೆ ಅಥವಾ ಪಟ್ಟಿ ಸವೆದಿದೆ. ಧೂಳಾದರೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಗೆ ಬಗ್ಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನೆಲ್ಲ ಹಾಕಬೇಡಿ, ಧೂಳು ಇನ್ನಷ್ಟು ಅಂಟಿಕೊಳ್ಳುತ್ತದೆ. ಯುಎಸ್‌ಬಿ ಕೇಬಲನ್ನು ಮೆಲ್ಲಗೆ ಅಲುಗಾಡಿಸಿದಾಗ ಸಂಪರ್ಕ ತಪ್ಪಿದರೆ ಚೌಕಾಸಿಗೂ ಇಳಿಯದೆ ಎದ್ದು ಬನ್ನಿ.

ಜೋಡಿಸಿದ ದಿನ ಎದುರಾಗುವ ತೊಂದರೆಗಳು

ಹಾಡು ಓಡುತ್ತಿದೆ, ಲ್ಯಾಪ್‌ಟಾಪಿನಿಂದ ಸದ್ದೇ ಇಲ್ಲ. ಕೆಟ್ಟಿಲ್ಲ, ಇದು ಸರಿಯಾದ ನಡವಳಿಕೆಯೇ. ಸೌಂಡ್ ಕಾರ್ಡ್ ಕಂಟ್ರೋಲರಿಗೆ ಬದಲಾದ್ದರಿಂದ ಸದ್ದು ಅದರ ಹಿಂದಿನ ಸಾಕೆಟ್‌ಗಳಿಂದ ಹೊರಬೀಳುತ್ತದೆ. ಸ್ಪೀಕರನ್ನು ಅಲ್ಲಿಗೇ ಜೋಡಿಸಿ.

ಕಂಟ್ರೋಲರ್ ಆಗಾಗ ಆರಿ ಹತ್ತುತ್ತಿದ್ದರೆ ಯುಎಸ್‌ಬಿ ಹಬ್ ತೆಗೆದು ನೇರ ಲ್ಯಾಪ್‌ಟಾಪಿಗೆ ಚುಚ್ಚಿ. ಯುಎಸ್‌ಬಿ 2.0 ಕಿಂಡಿ ಕೊಡುವುದೇ 500 ಮಿಲಿಆಂಪ್, ಅದನ್ನು ಮೌಸ್, ಪೆನ್ ಡ್ರೈವ್ ಜೊತೆ ಹಂಚಿಕೊಂಡರೆ ಸಾಲದೆ ಹೋಗುತ್ತದೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನೂ ಆಫ್ ಮಾಡಿ.

ಗುಂಡಿ ಒತ್ತಿದ ಮೇಲೆ ತಡವಾಗಿ ಹಾಡು ಶುರುವಾದರೆ ಬಫರ್, ಅಂದರೆ ಸದ್ದನ್ನು ಹೊರಗೆ ಕಳಿಸುವ ಮೊದಲು ಸಾಫ್ಟ್‌ವೇರ್ ಕೂಡಿಟ್ಟುಕೊಳ್ಳುವ ತುಣುಕಿನ ಗಾತ್ರ, ದೊಡ್ಡದಿದೆ ಎಂದರ್ಥ. 1024 ಸ್ಯಾಂಪಲ್ ಎಂದರೆ ಸುಮಾರು 23 ಮಿಲಿಸೆಕೆಂಡ್, 512 ಎಂದರೆ 12, 128 ಆದರೆ 3. ಒಮ್ಮೆಲೇ 128ಕ್ಕೆ ಇಳಿಸಿದರೆ ಹಳೆಯ ಲ್ಯಾಪ್‌ಟಾಪ್ ಚಟಪಟ ಅನ್ನುತ್ತದೆ. 512ರಿಂದ ಶುರುಮಾಡಿ, ಸದ್ದು ಒಡೆಯುವವರೆಗೆ ಇಳಿಸುತ್ತ ಹೋಗಿ, ಒಡೆದ ಕೂಡಲೇ ಒಂದು ಮೆಟ್ಟಿಲು ಮೇಲಕ್ಕೆ ತನ್ನಿ. ವಿಂಡೋಸ್‌ನಲ್ಲಿ ಕಂಪನಿಯದೇ ಆಸಿಯೋ (ತಡ ಕಡಿಮೆ ಮಾಡುವ ಆಡಿಯೊ) ಡ್ರೈವರ್ ಇದ್ದರೆ ಅದನ್ನೇ ಆಯ್ದುಕೊಳ್ಳಿ.

ಕೊನೆಯ ತೊಂದರೆ ಕಂಟ್ರೋಲರಿನದಲ್ಲ, ನಮ್ಮ ಹಾಡುಗಳದು. 70, 80ರ ದಶಕದ ಚಿತ್ರಗೀತೆಗಳನ್ನು ವಾದ್ಯವೃಂದ ಕೂತು ನುಡಿಸಿದ್ದು. ಪಲ್ಲವಿಗೂ ಚರಣಕ್ಕೂ ವೇಗ ತುಸು ಬದಲಾಗುತ್ತದೆ, ಸಾಫ್ಟ್‌ವೇರ್ ಎಳೆಯುವ ಸಮಾನ ಅಂತರದ ಬೀಟ್ ಗೆರೆಗಳು ಅರ್ಧದಾರಿಯಲ್ಲೇ ತಪ್ಪುತ್ತವೆ. ತಮಟೆಯ ಕುಣಿತದ ಹಾಡುಗಳಲ್ಲಿ ಬೀಟೊಂದು ಮೂರಾಗಿ ಒಡೆಯುವುದುಂಟು. ಅಲ್ಲಿ ಸಾಫ್ಟ್‌ವೇರ್ ಎರಡೆರಡಾಗಿ ಎಣಿಸಿ 100 ಇರುವುದನ್ನು 150 ಎಂದು ತೋರಿಸುತ್ತದೆ. ಮಿಕ್ಸ್‌ನಲ್ಲಿ ಬಿಪಿಎಂ ತಿದ್ದುವ ಕಡೆ 2/3 ಎಂಬ ಆಯ್ಕೆಯಿದೆ, ಅದನ್ನು ಒತ್ತಿದರೆ ಸರಿಹೋಗುತ್ತದೆ. ಬೇರೆ ಸಾಫ್ಟ್‌ವೇರಿನಲ್ಲಿ ತಾಳ ಹಾಕಿದಂತೆ ಟ್ಯಾಪ್ ಗುಂಡಿ ಒತ್ತಿ ವೇಗ ಹೇಳಿಕೊಡಿ. ವೇಗ ಅಲೆದಾಡುವ ಹಳೆಯ ಹಾಡಿಗೆ ಮಾತ್ರ ಬೀಟನ್ನು ತಾನೇ ಹೊಂದಿಸುವ ಸಿಂಕ್ ಆಫ್ ಮಾಡಿ, ಜಾಗ್ ವೀಲಿನ ಅಂಚಿನ ಮೇಲೆ ಬೆರಳಿಟ್ಟುಕೊಂಡೇ ದಾಟಿಸಬೇಕು. ಅದೂ ಕಷ್ಟವೆನಿಸಿದರೆ ಹೊರಹೋಗುವ ಹಾಡಿನ 4 ಬೀಟನ್ನು ಲೂಪ್‌ಗೆ ಹಾಕಿ, ಅದು ಸುತ್ತುತ್ತಿರುವಾಗಲೇ ಮುಂದಿನ ಹಾಡನ್ನು ಒಳತನ್ನಿ.