ನಾಣ್ಯದ ಬಳಗಕ್ಕೆ ಫೋರಂ ಒಗ್ಗಲಿಲ್ಲ, ಮೇಲಿಂಗ್ ಲಿಸ್ಟ್ ಒಗ್ಗಿತು: ನನ್ನ ಅನುಭವ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಹವ್ಯಾಸಿ ನಾಣ್ಯ ಸಂಗ್ರಾಹಕರ ಬಳಗವನ್ನು ಮೇಲಿಂಗ್ ಲಿಸ್ಟ್ (ಒಂದು ವಿಳಾಸಕ್ಕೆ ಬರೆದ ಮೇಲ್ ಎಲ್ಲ ಸದಸ್ಯರಿಗೂ ಹೋಗುವ ವ್ಯವಸ್ಥೆ) ಮೇಲೆ ನಡೆಸುತ್ತೇನೆ ಎಂದು ನಾನು ಹೇಳಿದಾಗ ನಂಬಿದವರು ಬೆರಳೆಣಿಕೆಯ ಮಂದಿ. ‘ಈ ಕಾಲದಾಗ ಮೇಲ್ ಯಾರು ನೋಡ್ತಾರ್ರೀ ಸರ, ಎಲ್ಲಾ ವಾಟ್ಸಾಪ್‌ನಾಗ ಅದಾರ’ ಎಂದು ಗಂಗಾವತಿಯ ಅಕ್ಕಿ ವ್ಯಾಪಾರಿ ಗೆಳೆಯರೊಬ್ಬರು ನೇರವಾಗಿಯೇ ಹೇಳಿದ್ದರು. ಈಗ ಲಿಸ್ಟ್‌ನಲ್ಲಿ ನೂರೈವತ್ತರ ಆಸುಪಾಸು ಸದಸ್ಯರಿದ್ದಾರೆ, ತಿಂಗಳಿಗೆ ಇನ್ನೂರರಷ್ಟು ಪತ್ರಗಳು ಓಡಾಡುತ್ತವೆ, ಆ ಗೆಳೆಯರೇ ಅತಿ ಹೆಚ್ಚು ಬರೆಯುವವರಲ್ಲಿ ಒಬ್ಬರು. ನಮ್ಮ ಭಾಗದಲ್ಲಿ ಇಷ್ಟು ಕಾಲ ಕಳೆಗುಂದದೆ ನಡೆದ ಇಂಥ ಬಳಗ ಇನ್ನೊಂದನ್ನು ನಾನು ಕಂಡಿಲ್ಲ. ಅಂಚೆಚೀಟಿಯವರು, ಹಕ್ಕಿ ನೋಡುವವರು, ಶಾಸನ ಹುಡುಕುವವರು ‘ಹೇಗೆ ಮಾಡಿದಿರಿ’ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಡೊಮೇನ್, ಸರ್ವರ್, ಡಿಎನ್ಎಸ್ ಎಂದರೇನೆಂದು ಬಲ್ಲವರಿಗಾಗಿ ಬರೆದದ್ದು ಇದು. ಲೆಕ್ಕಗಳೆಲ್ಲ ನೆನಪಿನಿಂದ ಕೊಟ್ಟ ಅಂದಾಜು.

ನಮ್ಮ ಬಳಗದ ಸ್ವಭಾವವನ್ನು ಮೊದಲು ಹೇಳಬೇಕು, ಏಕೆಂದರೆ ಯಾವ ಸಾಧನ ಹೊಂದುತ್ತದೆ ಎಂಬುದು ಅದರ ಮೇಲೆಯೇ ನಿಂತಿದೆ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ರಾಯಚೂರು, ಮತ್ತು 1997ರವರೆಗೆ ಅದರೊಳಗೇ ಇದ್ದ ಕೊಪ್ಪಳ, ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹೀಗಾಗಿ ತುಂಗಭದ್ರೆಯ ಈಚೆ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಕಂಪನಿಯ ಕಾಸು, ಬ್ರಿಟಿಷ್ ರೂಪಾಯಿ ಸಿಕ್ಕರೆ ಆಚೆಯ ಪೆಟ್ಟಿಗೆಗಳಲ್ಲಿ ಚಾರ್ಮಿನಾರ್ ಮುದ್ರೆಯ ಹಾಲಿ ಸಿಕ್ಕಾ, ಅಂದರೆ ನಿಜಾಮರ ಸಂಸ್ಥಾನದ ನಾಣ್ಯ, ಸಿಗುತ್ತದೆ. ಎರಡೂ ಕಡೆ ವಿಜಯನಗರದ ತಾಮ್ರದ ನಾಣ್ಯಗಳಿವೆ. ಎರಡನೇ ದೇವರಾಯನ ಆನೆ ಮುದ್ರೆಯ ನಾಣ್ಯದ ಮೇಲಿನ ನಾಗರಿ ಓದಬಲ್ಲವರು ಹೊಸಪೇಟೆ, ಕಂಪ್ಲಿ ಕಡೆ ಇದ್ದಾರೆ. ಹಾಲಿ ಸಿಕ್ಕಾದ ಬರಹ ಓದಬಲ್ಲವರು ರಾಯಚೂರು, ಲಿಂಗಸುಗೂರಿನಲ್ಲಿದ್ದಾರೆ. ಒಬ್ಬರ ಪ್ರಶ್ನೆಗೆ ಉತ್ತರ ನೂರು ಕಿಲೋಮೀಟರ್ ದೂರದ ಇನ್ನೊಬ್ಬರ ಬಳಿ ಇರುತ್ತದೆ, ಆ ಉತ್ತರ ಬರಲು ವಾರವೇ ಹಿಡಿಯಬಹುದು. ನಮಗೆ ಬೇಕಿದ್ದದ್ದು ವಾರದ ತನಕ ಪ್ರಶ್ನೆ ಜೀವಂತವಾಗಿರುವ ಜಾಗ.

ವಾಟ್ಸಾಪ್ ಗುಂಪಿನಲ್ಲಿ ಅದು ಆಗಲಿಲ್ಲ. ಬೆಳಿಗ್ಗೆ ಕೇಳಿದ ಪ್ರಶ್ನೆ ಸಂಜೆಯೊಳಗೆ ಶುಭಾಶಯಗಳ ಕೆಳಗೆ ಮುಳುಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಚಿತ್ರದ್ದು. ಮಾಮೂಲಾಗಿ ಕಳಿಸಿದ ಫೋಟೋವನ್ನು ಅದು ಕುಗ್ಗಿಸಿಯೇ ತಲುಪಿಸುತ್ತದೆ. ಚಾರ್ಮಿನಾರ್ ಬಾಗಿಲೊಳಗಿನ ಅಕ್ಷರ ನಿಜಾಮ ಮೆಹಬೂಬ್ ಅಲಿಯ ‘ಮೀಮ್’ ಹೌದೋ ಅವರ ನಂತರದ ನಿಜಾಮ ಉಸ್ಮಾನ್ ಅಲಿಯ ‘ಐನ್’ ಹೌದೋ ಎಂದು ಹೇಳಲು ಬೇಕಾದ ಗೆರೆಯೇ ಅಳಿಸಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಎಷ್ಟು ಹೇಳಿದರೂ ಹತ್ತರಲ್ಲಿ ಒಂಬತ್ತು ಮಂದಿ ಫೋಟೋ ಆಗಿಯೇ ಕಳಿಸುತ್ತಿದ್ದರು.

ಆದ್ದರಿಂದ ಫೋರಂ, ಅಂದರೆ ವಿಷಯವಾರು ಚರ್ಚೆಯ ಜಾಲತಾಣ, ಕಟ್ಟಿದೆ. ಪಿಎಚ್‌ಪಿಬಿಬಿ ಎಂಬ ಫೋರಂ ತಂತ್ರಾಂಶ ಹಾಕಿ, ವಿಭಾಗಗಳನ್ನು ಮಾಡಿ, ಕನ್ನಡದ ಮುಖಪುಟ ಮಾಡಿಸಲು ಹೊಸಪೇಟೆಯ ಒಬ್ಬ ಹುಡುಗನಿಗೆ ಐದು ಸಾವಿರ ಕೊಟ್ಟೆ. ಹೋಸ್ಟಿಂಗ್ ಮೊದಲ ವರ್ಷ ಎರಡು ಸಾವಿರದೊಳಗೆ ಮುಗಿಯಿತು, ನವೀಕರಣಕ್ಕೆ ಅದರ ಮೂರು ಪಟ್ಟು ಕೇಳಿದರು. ಮೊದಲ ತಿಂಗಳು ಉತ್ಸಾಹವಿತ್ತು. ಆಮೇಲೆ ಪಾಸ್‌ವರ್ಡ್ ಮರೆತವರ ಫೋನುಗಳು ಬರತೊಡಗಿದವು. ಹನ್ನೆರಡು ವಿಭಾಗಗಳಲ್ಲಿ ಒಂಬತ್ತು ಖಾಲಿ ಬಿದ್ದಿದ್ದವು, ಖಾಲಿ ವಿಭಾಗ ನೋಡಿದ ಹೊಸಬರು ಎರಡನೇ ಸಲ ಬರುತ್ತಿರಲಿಲ್ಲ. ರಾತ್ರೋರಾತ್ರಿ ಬಾಟ್‌ಗಳು ನೂರಾರು ಸುಳ್ಳು ಖಾತೆ ತೆರೆದು ಔಷಧಿ, ಜೂಜಿನ ಜಾಹೀರಾತು ಸುರಿಯುತ್ತಿದ್ದವು. ಕನ್ನಡದಲ್ಲಿ ಪ್ರಶ್ನೆ ಕೇಳುವ ಕ್ಯಾಪ್ಚಾ ಹಾಕಿದ ಮೇಲೆ ಬಾಟ್ ನಿಂತವು, ಆದರೆ ಬಾಟ್‌ಗಿಂತ ಕಠಿಣವಾದ ಇನ್ನೊಂದು ಹಾವಳಿ ಶುರುವಾಯಿತು.

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು, 786 ಅಂಕೆಯ ನೋಟು ಲಕ್ಷಕ್ಕೆ ಹೋಗುತ್ತದೆ ಎಂಬ ಸುಳ್ಳು ಸುದ್ದಿ ನಿಮಗೂ ಬಂದಿರುತ್ತದೆ. ಹಳೆಯ ನೋಟು, ನಾಣ್ಯ ಕೊಳ್ಳುವುದಾಗಿ ತನ್ನ ಹೆಸರು ಹೇಳಿಕೊಂಡು ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಬೇಕಾಗಿ ಬಂದಿತ್ತು. ತೆರೆದ ಫೋರಂ ಎಂದರೆ ಗೂಗಲ್‌ನಲ್ಲಿ ‘ಹಳೆ ನಾಣ್ಯ’ ಎಂದು ಹುಡುಕಿದ ಪ್ರತಿಯೊಬ್ಬರೂ ಬಂದು ‘ನನ್ನ ಹತ್ತಿರ ಇದೆ, ಎಷ್ಟು ಕೊಡುತ್ತೀರಿ’ ಎಂದು ಕೇಳುವ ಜಾಗ. ಅವರ ಹಿಂದೆಯೇ ಅವರನ್ನು ಸುಲಿಯುವವರೂ ಬಂದರು. ಮಾನ್ವಿಯ ಒಬ್ಬ ತಾಯಿಯಿಂದ ‘ನೋಂದಣಿ ಶುಲ್ಕ’ ಎಂದು ಎರಡು ಸಾವಿರ ಕಿತ್ತುಕೊಂಡವನು ಅವರ ಫೋನ್ ನಂಬರನ್ನು ಎತ್ತಿಕೊಂಡದ್ದು ನಮ್ಮ ಫೋರಂ ಪುಟದಿಂದ. ಆ ದಿನವೇ ನಾನು ಅದಕ್ಕೆ ಬೀಗ ಹಾಕಿದೆ. ಬಳಗದ ಹೆಸರಿನಲ್ಲಿ ಯಾರಿಗೂ ಹಾಗಾಗಬಾರದು ಎಂಬ ಸಂಕಟ ಇಂದಿಗೂ ನನ್ನಲ್ಲಿದೆ.

ಎರಡನೆಯ ಪ್ರಯತ್ನದಲ್ಲಿ ಸ್ವಂತ ಸರ್ವರ್ ಬಾಡಿಗೆಗೆ ಹಿಡಿದು ಡಿಸ್ಕೋರ್ಸ್ ಎಂಬ ಇನ್ನೊಂದು ಫೋರಂ ತಂತ್ರಾಂಶ ಹಾಕಿದೆ, ಸದಸ್ಯರಿಗಷ್ಟೇ ಕಾಣುವಂತೆ ಮುಚ್ಚಿಟ್ಟೆ. ಸರ್ವರ್‌ಗೆ ತಿಂಗಳಿಗೆ ಏಳುನೂರರ ಹತ್ತಿರ, ಮೇಲ್ ಕಳಿಸುವ ಸೇವೆಗೆ ಬೇರೆ ಸಾವಿರದಷ್ಟು. ಎರಡೂ ಫೋರಂಗಳ ಲೆಕ್ಕ ಕೂಡಿಸಿದರೆ ಮೂವತ್ತೈದು ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಗಿದೆ, ಮನೆಯಲ್ಲಿ ಅದಕ್ಕೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ಆದರೆ ಆ ಹಣ ಒಂದು ಸತ್ಯವನ್ನು ತೋರಿಸಿಕೊಟ್ಟಿತು. ಆ ತಂತ್ರಾಂಶದಲ್ಲಿ ಹೊಸ ಬರಹ ಮೇಲ್‌ಗೂ ಹೋಗುತ್ತದೆ, ಮೇಲ್‌ನಿಂದಲೇ ಉತ್ತರಿಸಲೂ ಬರುತ್ತದೆ. ಮೂರು ತಿಂಗಳ ಬಳಿಕ ಲಾಗ್ ತೆಗೆದು ನೋಡಿದರೆ ಮುಕ್ಕಾಲು ಪಾಲು ಉತ್ತರಗಳು ಮೇಲ್ ಮೂಲಕ ಬಂದಿದ್ದವು. ಫೋರಂನ ಪುಟವನ್ನು ತೆರೆಯುತ್ತಿದ್ದವರು ನಾನು ಮತ್ತು ಇನ್ನೊಂದು ಹತ್ತು ಜನ. ಜನ ಬಳಸುತ್ತಿದ್ದದ್ದು ಮೇಲನ್ನು, ನಾನು ದುಡ್ಡು ಸುರಿಯುತ್ತಿದ್ದದ್ದು ಪುಟಕ್ಕೆ.

ಮೇಲ್ ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ಉತ್ತರವೂ ಆಗಲೇ ಸಿಕ್ಕಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ವ್ಯಾಪಾರಸ್ಥರು ಮೇಲ್ ತೆರೆಯದೆ ವಿಧಿಯಿಲ್ಲ. ರಿಟರ್ನ್ಸ್, ಓಟಿಪಿ, ನೋಟಿಸು ಎಲ್ಲ ಅಲ್ಲಿಗೇ ಬರುತ್ತವೆ. ನಿವೃತ್ತ ಬ್ಯಾಂಕ್ ನೌಕರರು, ಕಾಲೇಜು ಉಪನ್ಯಾಸಕರು ಮೊದಲಿನಿಂದಲೂ ನೋಡುವವರು. ನಮ್ಮ ಬಳಗದಲ್ಲಿ ಹೆಚ್ಚಿನವರು ಈ ಮೂರು ವರ್ಗಕ್ಕೆ ಸೇರಿದವರು. ನಿಮ್ಮ ಹವ್ಯಾಸದವರು ಬಹುತೇಕ ಕಾಲೇಜು ಹುಡುಗರಾಗಿದ್ದರೆ ನನ್ನ ದಾರಿ ನಿಮಗೆ ಒಗ್ಗದಿರಬಹುದು, ಅದನ್ನು ಮೊದಲೇ ನೋಡಿಕೊಳ್ಳಿ.

ಲಿಸ್ಟ್‌ಗೆ ಮೇಲ್‌ಮನ್ 3 ಎಂಬ ತಂತ್ರಾಂಶ ಆರಿಸಿಕೊಂಡೆ. ಅನುಸ್ಥಾಪನೆ ಒಂದು ವಾರಾಂತ್ಯದ ಕೆಲಸ, ಪತ್ರಗಳನ್ನು ಸ್ಪ್ಯಾಮ್‌ಗೆ ಬೀಳದಂತೆ ತಲುಪಿಸುವುದು ಮೂರು ತಿಂಗಳ ಕೆಲಸ. ಮೊದಲು ಹಿಡಿದ ಸರ್ವರ್‌ನವರು ಮೇಲ್ ಹೊರಹೋಗುವ 25ನೇ ಪೋರ್ಟನ್ನೇ ಮುಚ್ಚಿಟ್ಟಿದ್ದರು, ಎರಡನೆಯವರು ಕೊಟ್ಟ ಐಪಿ ಮೊದಲೇ ಕಪ್ಪುಪಟ್ಟಿಯಲ್ಲಿತ್ತು, ಮೂರನೆಯದು ನಡೆಯಿತು. ಎಸ್‌ಪಿಎಫ್, ಡಿಕಿಮ್, ಪಿಟಿಆರ್ (ಪತ್ರ ನಿಜವಾಗಿಯೂ ನಿಮ್ಮ ಸರ್ವರ್‌ನದೇ ಎಂದು ತೋರಿಸುವ ಡಿಎನ್ಎಸ್ ದಾಖಲೆಗಳು) ಮೂರನ್ನೂ ಸರಿಪಡಿಸದೆ ಒಂದು ಪತ್ರವನ್ನೂ ಬಿಡಬೇಡಿ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನೀತಿಯನ್ನು (ತನ್ನ ವಿಳಾಸದ ಹೆಸರಿನಲ್ಲಿ ಬೇರೆ ಕಡೆಯಿಂದ ಬಂದ ಪತ್ರವನ್ನು ಏನು ಮಾಡಬೇಕೆಂಬ ಸೂಚನೆ) ಬಿಗಿ ಮಾಡಿದಾಗಿನಿಂದ, ಸದಸ್ಯರ ವಿಳಾಸವನ್ನೇ ಹೊತ್ತು ಲಿಸ್ಟ್‌ನಿಂದ ಹೊರಟ ಪತ್ರ ತಿರಸ್ಕಾರವಾಗುವ ಸಂಭವವಿದೆ. ಅದಕ್ಕೆ ಮೇಲ್‌ಮನ್‌ನಲ್ಲಿ ಕಳುಹಿಸಿದವರ ವಿಳಾಸವನ್ನು ಲಿಸ್ಟ್‌ನ ವಿಳಾಸಕ್ಕೆ ಬದಲಿಸುವ ಆಯ್ಕೆಯಿದೆ, ಅದನ್ನು ಹಾಕಿಕೊಳ್ಳಿ. 2024ರ ಫೆಬ್ರವರಿಯಲ್ಲಿ ಜಿಮೇಲ್ ತಂದ ನಿಯಮಗಳಲ್ಲಿ ದಿನಕ್ಕೆ ಐದು ಸಾವಿರ ಪತ್ರ ಕಳಿಸುವವರಿಗೆ ಅನ್ವಯವಾಗುವ ಭಾಗ ನಮಗೆ ತಾಗುವುದಿಲ್ಲ, ನಮ್ಮದು ದಿನಕ್ಕೆ ಸಾವಿರದ ಆಸುಪಾಸು. ಉಳಿದದ್ದು ಎಲ್ಲರಿಗೂ ತಾಗುತ್ತದೆ. ಪತ್ರದ ಗಾತ್ರದ ಮಿತಿ ಮೇಲ್‌ಮನ್‌ನಲ್ಲಿ ಮೊದಲಿಗೆ 40 ಕೆಬಿ ಇರುತ್ತದೆ, ಅದರಲ್ಲಿ ಒಂದು ನಾಣ್ಯದ ಚಿತ್ರವೂ ಹಿಡಿಸುವುದಿಲ್ಲ. ನಾನು ಎರಡು ಎಂಬಿ ಮಾಡಿದ್ದೇನೆ: ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಅಂಚು ಕತ್ತರಿಸಿ ಕಳಿಸಿದರೆ ಅಷ್ಟರಲ್ಲಿ ಚೆನ್ನಾಗಿ ಹಿಡಿಯುತ್ತದೆ.

ಯಾರೂ ಎಚ್ಚರಿಸದಿದ್ದ ತೊಡಕು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ್ದು. ನಮ್ಮ ಹಿರಿಯ ಸದಸ್ಯರು ಇಪ್ಪತ್ತು ವರ್ಷದಿಂದ ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಬೆರಳಚ್ಚು ಮಾಡಿ ರೂಢಿಯಾದವರು. ಅವರು ಮೇಲ್‌ಗೆ ಅಂಟಿಸಿದ ಪತ್ರ ಉಳಿದವರ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಯೂನಿಕೋಡ್ ಕಲಿಯಿರಿ ಎಂದು ಎಪ್ಪತ್ತು ದಾಟಿದವರಿಗೆ ಹೇಳುವುದು ನನ್ನಿಂದ ಆಗಲಿಲ್ಲ, ಹೇಳಬೇಕಾಗಿಯೂ ಇಲ್ಲ. ಸರ್ವರ್‌ನಲ್ಲಿಯೇ ಒಂದು ಚಿಕ್ಕ ಪ್ರೋಗ್ರಾಂ ಕೂರಿಸಿ, ಬಂದ ಪತ್ರ ನುಡಿಯದೋ ಯೂನಿಕೋಡ್‌ನದೋ ಎಂದು ಗುರುತಿಸಿ, ಬೇಕಾದರೆ ಪರಿವರ್ತಿಸಿ ಮುಂದೆ ಕಳಿಸುವಂತೆ ಮಾಡಿದ್ದೇನೆ. ಪರಿವರ್ತನೆಯ ಕೋಷ್ಟಕಗಳು ಎಲ್ಲ ಕಡೆ ಸಿಗುತ್ತವೆ. ಗುರುತಿಸುವ ಬಗೆಯಲ್ಲಿಯೇ ಕೈಚಳಕವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಲಿಸ್ಟ್ ಏನು ಮಾಡಬಲ್ಲದು ಎಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಸಿಂಧನೂರಿನ ಶಿಕ್ಷಕರೊಬ್ಬರು ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಹಾಲಿ ರೂಪಾಯಿಯ ಚಿತ್ರ ಕಳಿಸಿದರು. ಹಿಜರಿ 1329 ಎಂದು ಇಸವಿ ಓದಲು ಬರುತ್ತಿತ್ತು, ಚಾರ್ಮಿನಾರ್ ಬಾಗಿಲೊಳಗಿನ ಅಕ್ಷರ ಮಾತ್ರ ಸವೆದುಹೋಗಿತ್ತು. ಮೆಹಬೂಬ್ ಅಲಿ ಖಾನ್ ತೀರಿಕೊಂಡು ಉಸ್ಮಾನ್ ಅಲಿ ಖಾನ್ ಪಟ್ಟಕ್ಕೆ ಬಂದದ್ದು 1911ರ ಆಗಸ್ಟ್‌ನಲ್ಲಿ, ಅಂದರೆ ಅದೇ 1329ರಲ್ಲಿ. ಹೀಗಾಗಿ ಇಸವಿ ನೋಡಿ ಯಾರ ನಾಣ್ಯವೆಂದು ಹೇಳಲಾಗದು. ಎರಡು ದಿನ ಬಾಗಿಲಿನ ಗೆರೆಗಳ ಬಗ್ಗೆಯೇ ವಾದ ನಡೆಯಿತು. ನಾಲ್ಕನೆಯ ದಿನ ಲಿಂಗಸುಗೂರಿನಿಂದ ತೊಂಬತ್ತರ ಹತ್ತಿರದ ಹಿರಿಯರ ಉತ್ತರ ಬಂತು. ಅವರು ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಅಕ್ಷರ ಕಲಿತವರು. ಪರದೆ ನೋಡಲು ಕಣ್ಣು ಸಾಲದು, ಮೊಮ್ಮಗ ಝೆರಾಕ್ಸ್ ಅಂಗಡಿಯಲ್ಲಿ ಪತ್ರಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ತಂದುಕೊಡುತ್ತಾನೆ, ಅವರು ಹೇಳಿದ್ದನ್ನು ಟೈಪ್ ಮಾಡಿ ಕಳಿಸುತ್ತಾನೆ. ‘ಬಾಗಿಲು ಬಿಡ್ರಿ, ನಾಣ್ಯ ತಿರುವಿ ನೋಡ್ರಿ’ ಎಂದಿದ್ದರು ಅವರು. ಹಿಂಬದಿಯಲ್ಲಿ ಆಳ್ವಿಕೆಯ ವರ್ಷ ಇರುತ್ತದೆ. ಮೆಹಬೂಬ್ ಅಲಿ 1869ರಲ್ಲಿಯೇ ಪಟ್ಟಕ್ಕೆ ಬಂದವರಾದ್ದರಿಂದ ಅವರದಾದರೆ ಆ ಸಂಖ್ಯೆ ನಲವತ್ತು ದಾಟಿರಬೇಕು, ಉಸ್ಮಾನ್ ಅಲಿಯದಾದರೆ ಮೊದಲ ವರ್ಷವಿರಬೇಕು. ಶಿಕ್ಷಕರು ಹಿಂಬದಿಯನ್ನು ಮತ್ತೆ ಸ್ಕ್ಯಾನ್ ಮಾಡಿ ಕಳಿಸಿದರು. ಎರಡಂಕಿಯ ಸಂಖ್ಯೆ, ಮೊದಲನೆಯದು ನಾಲ್ಕು. ನಾಣ್ಯ ಮೆಹಬೂಬ್ ಅಲಿಯದು.

ಬೇರೆ ಪ್ರಯೋಗಗಳನ್ನೂ ಮಾಡಿದ್ದೇನೆ. ಧ್ವನಿ ಸಂದೇಶವನ್ನು ಲಗತ್ತಿಸಲು ಬಿಟ್ಟು ನೋಡಿದೆ. ಯಾರೂ ಪೂರ್ತಿ ಕೇಳಲಿಲ್ಲ, ಹುಡುಕಲು ಬರುವುದಿಲ್ಲ, ನಿಲ್ಲಿಸಿದೆ. ವಿಷಯದ ಸಾಲಿನ ಮೊದಲಿಗೆ ‘ಹಾಲಿ’, ‘ವಿಜಯನಗರ’, ‘ಕಂಪನಿ’ ಎಂದು ಬರೆಯುವ ಪದ್ಧತಿ ಚೆನ್ನಾಗಿ ನಡೆಯಿತು, ಬೇಡದ್ದನ್ನು ಜನ ಓದದೆ ಬಿಡಬಹುದು. ದಿನಕ್ಕೊಂದು ಡೈಜೆಸ್ಟ್ (ಪತ್ರಗಳನ್ನು ಒಟ್ಟುಗೂಡಿಸಿದ ಒಂದೇ ಮೇಲ್) ಬದಲು ವಾರಕ್ಕೊಂದು ಕೊಟ್ಟಾಗ ಅದನ್ನು ತೆಗೆದುಕೊಳ್ಳುವವರು ಎರಡು ಪಟ್ಟಾದರು. ಭಾನುವಾರ ಬೆಳಿಗ್ಗೆ ಕಳಿಸುತ್ತೇನೆ. ಸ್ಕ್ಯಾನರ್‌ನ ಬೆಳಕು ಒಂದೇ ಕಡೆಯಿಂದ ಬೀಳುವುದರಿಂದ ನಾಣ್ಯವನ್ನು ಕಾಲುಭಾಗ ತಿರುಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿದರೆ ಸವೆದ ಅಕ್ಷರ ಎದ್ದು ಬರುತ್ತದೆ ಎಂದು ಕೊಪ್ಪಳದ ಸದಸ್ಯರೊಬ್ಬರು ಕಂಡುಕೊಂಡರು, ಈಗ ಎಲ್ಲರೂ ಹಾಗೆಯೇ ಮಾಡುತ್ತಾರೆ.

ನಿಯಮಗಳು ಎರಡೇ: ಬೆಲೆ ಬರೆಯುವಂತಿಲ್ಲ, ನೆಲದಲ್ಲಿ ಸಿಕ್ಕಿದ್ದರ ಚಿತ್ರ ಹಾಕುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾನೂನಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಸೇರಬಯಸುವವರಿಗೆ ಎರಡು ಪ್ರಶ್ನೆ ಕೇಳುತ್ತೇನೆ. ನಿಜವಾದ ಹವ್ಯಾಸಿಯಾದರೆ ಉತ್ತರ ಒಂದು ನಿಮಿಷದಲ್ಲಿ ಬರುತ್ತದೆ, ಮಾರಲು ಬಂದವರಾದರೆ ಬರುವುದಿಲ್ಲ. ಪ್ರಶ್ನೆಗಳನ್ನು ಇಲ್ಲಿ ಬರೆದರೆ ಅವುಗಳಿಂದ ಉಪಯೋಗವಿರುವುದಿಲ್ಲ.

ಫೋರಂ ಮೇಲುಗೈ ಪಡೆಯುವ ಕಡೆಯೂ ಉಂಟು. ಹಳೆಯ ಚರ್ಚೆಯನ್ನು ಚಿತ್ರಸಮೇತ ಒಂದೇ ಪುಟದಲ್ಲಿ ಓದುವ ಅನುಕೂಲ ಮೇಲ್‌ನಲ್ಲಿಲ್ಲ, ಹೊಸಬರು ತಾವಾಗಿಯೇ ಹುಡುಕಿಕೊಂಡು ಬರುವುದೂ ಇಲ್ಲ. ಅದಕ್ಕಾಗಿ ಮುಗಿದ ಚರ್ಚೆಗಳಲ್ಲಿ ಒಳ್ಳೆಯವನ್ನು ಆರಿಸಿ, ಬರೆದವರ ಒಪ್ಪಿಗೆ ಪಡೆದು, ಹೆಸರು ವಿಳಾಸ ತೆಗೆದು, ಸಾದಾ ಪುಟಗಳಾಗಿ ಇಡುತ್ತಿದ್ದೇನೆ. ಇದುವರೆಗೆ ನಲವತ್ತರಷ್ಟು ಆಗಿವೆ. ಹೊಸ ಸದಸ್ಯರಲ್ಲಿ ಅರ್ಧದಷ್ಟು ಮಂದಿ ಈಗ ಆ ಪುಟಗಳನ್ನು ಓದಿಯೇ ಬರುತ್ತಿದ್ದಾರೆ.

ಖರ್ಚು ಈಗ ಸರ್ವರ್, ಡೊಮೇನ್ ಎರಡೂ ಸೇರಿ ವರ್ಷಕ್ಕೆ ಹತ್ತು ಸಾವಿರದೊಳಗೆ ನಿಂತಿದೆ. ತಲೆಗೆ ನೂರು ರೂಪಾಯಿ ಕೇಳುತ್ತೇನೆ, ಮೂರರಲ್ಲಿ ಎರಡು ಪಾಲು ಸದಸ್ಯರು ಕೇಳಿದ ವಾರದಲ್ಲಿಯೇ ಕಳಿಸುತ್ತಾರೆ, ನನ್ನ ಜೇಬಿನಿಂದ ಹೋಗುವುದು ನಿಂತಿದೆ. ನೀವು ಶುರು ಮಾಡುವುದಾದರೆ ಮೊದಲೇ ಸರ್ವರ್ ಹಿಡಿಯಬೇಡಿ. ಇಪ್ಪತ್ತು ಜನರನ್ನಿಟ್ಟುಕೊಂಡು ಗೂಗಲ್ ಗ್ರೂಪ್ಸ್‌ನಲ್ಲಿ ಆರು ತಿಂಗಳು ನಡೆಸಿ, ಪತ್ರ ಬರೆಯುವ ರೂಢಿ ನಿಂತಿತೇ ಎಂದು ನೋಡಿ. ಆದರೆ ಬಳಗದ ವಿಳಾಸ ಮಾತ್ರ ಮೊದಲ ದಿನದಿಂದಲೇ ನಿಮ್ಮ ಸ್ವಂತ ಡೊಮೇನ್‌ನಲ್ಲಿರಲಿ, ಅಲ್ಲಿಂದ ಗ್ರೂಪ್‌ಗೆ ಫಾರ್ವರ್ಡ್ ಮಾಡಿಕೊಳ್ಳಿ, ಪ್ರತಿ ತಿಂಗಳ ಪತ್ರಗಳ ಒಂದು ಪ್ರತಿಯನ್ನು ಮನೆಯ ಡಿಸ್ಕ್‌ಗೆ ಇಳಿಸಿಕೊಳ್ಳಿ. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಮುಚ್ಚಿದಾಗ ಈ ಎರಡನ್ನೂ ಮಾಡಿಟ್ಟುಕೊಂಡಿದ್ದ ಬಳಗಗಳಿಗೆ ಹೊಸ ಕಡೆಗೆ ಹೋಗುವುದು ಕಷ್ಟವಾಗುವಂತಿರಲಿಲ್ಲ.