ಗಂಟೆಗೊಮ್ಮೆ ಮಿಡಿಯುವ ಗೆಲಾಕ್ಸಿ: ಲ್ಯಾಪ್‌ಟಾಪ್‌ನಲ್ಲಿ ನಾನು ಪರೀಕ್ಷಿಸಿದ್ದು ಹೀಗೆ

ಆರ್‌ಇ ಜೆ1034+396 ಅನ್ನೋ ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಸುತ್ತಲಿಂದ ಬರುವ ಎಕ್ಸ್‌ರೇ ಹೆಚ್ಚುಕಮ್ಮಿ ಗಂಟೆಗೊಮ್ಮೆ ಏರಿ ಇಳಿಯುತ್ತದೆ ಅಂತ 2008ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. ಅದಕ್ಕೆ ಬಳಸಿದ ಎಕ್ಸ್‌ಎಂಎಂ-ನ್ಯೂಟನ್ (ಯುರೋಪಿನ ಎಕ್ಸ್‌ರೇ ದೂರದರ್ಶಕ ಉಪಗ್ರಹ) ಡೇಟಾ ಈಗ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಇಳಿಸಿಕೊಂಡು ಮೊದಲಿಂದ ಮಾಡಿ ನೋಡಿದೆ.

ನಮ್ಮ ದೇಶದ ದೂರದರ್ಶಕ ಉಪಗ್ರಹ ಆಸ್ಟ್ರೋಸ್ಯಾಟ್ ಯಾಕೆ ಬೇಡ ಅಂದರೆ, ಅದು ಭೂಮಿಗೆ ಹತ್ತಿರ, ನೂರು ನಿಮಿಷದೊಳಗೆ ಒಂದು ಸುತ್ತು ಮುಗಿಸುತ್ತದೆ, ಸುತ್ತು ಸುತ್ತಿಗೂ ಭೂಮಿ ಅಡ್ಡ ಬಂದು ಡೇಟಾ ತುಂಡಾಗುತ್ತದೆ. ಹುಡುಕುವುದೇ ಗಂಟೆಯ ಲಯ, ಅಂಥ ಕಡೆ ಈ ತುಂಡುಗಳು ಬಲು ತೊಂದರೆ. ಎಕ್ಸ್‌ಎಂಎಂಗೆ ಒಂದು ಸುತ್ತಿಗೆ ಎರಡು ದಿನ ಬೇಕು. 2007ರಲ್ಲಿ ಅದು ಈ ಗೆಲಾಕ್ಸಿಯನ್ನು ಒಂದು ಹಗಲು-ರಾತ್ರಿ ಎಡೆಬಿಡದೆ ನೋಡಿತ್ತು.

ಶುರುವಿಗೆ ಕ್ಲೀನಿಂಗ್. 10–12 ಕೆಇವಿಯಲ್ಲಿ (ಕೆಇವಿ ಅಂದರೆ ಎಕ್ಸ್‌ರೇಯ ಶಕ್ತಿಯ ಅಳತೆ) ಇಡೀ ಕ್ಯಾಮೆರಾದ ಎಣಿಕೆ ಸೆಕೆಂಡಿಗೆ 0.4 ದಾಟಿದ ಹೊತ್ತನ್ನೆಲ್ಲ ಕಿತ್ತು ಹಾಕಿದೆ, ಅದು ಕ್ಯಾಮೆರಾಗೆ ಬಡಿಯುವ ಪ್ರೋಟಾನ್‌ಗಳ ಗಲಾಟೆ, ಗೆಲಾಕ್ಸಿಯದ್ದಲ್ಲ. ಉಳಿದದ್ದನ್ನು 100 ಸೆಕೆಂಡಿನ ಬಿನ್‌ಗಳಾಗಿ, ಅಂದರೆ ತುಂಡುಗಳಾಗಿ ಮಾಡಿ ಪವರ್ ಸ್ಪೆಕ್ಟ್ರಮ್ (ಯಾವ ವೇಗದ ಏರಿಳಿತ ಎಷ್ಟಿದೆ ಅನ್ನೋ ಗ್ರಾಫ್) ತೆಗೆದರೆ 0.00027 ಹರ್ಟ್ಜ್ ಹತ್ತಿರ, ಅಂದರೆ ಹೆಚ್ಚುಕಮ್ಮಿ ಗಂಟೆಗೊಂದು ಅಲೆಯ ಕಡೆ, ಚೂಪಾದ ಮೊನೆ.

ಮೊನೆ ಸಿಕ್ಕರೆ ಸಾಲದು. ಇಂಥ ಗೆಲಾಕ್ಸಿಗಳಲ್ಲಿ ರೆಡ್ ನಾಯ್ಸ್ ಜಾಸ್ತಿ, ಅಂದರೆ ನಿಧಾನದ ಏರಿಳಿತ ದೊಡ್ಡದು, ವೇಗದ್ದು ಚಿಕ್ಕದು. ಅದರಲ್ಲಿ ಮೂರ್ನಾಲ್ಕು ಅಲೆ ಕಾಣುವುದು ಮೋಡದಲ್ಲಿ ಆನೆ ಕಂಡ ಹಾಗೆ, ಯಾರಿಗೆ ಬೇಕಾದರೂ ಕಾಣುತ್ತದೆ! ಅದಕ್ಕೇ ಲಯವೇ ಇಲ್ಲದ ನಕಲಿ ಲೈಟ್ ಕರ್ವ್‌ಗಳನ್ನು (ಹೊತ್ತು ಹೋದಂತೆ ಎಕ್ಸ್‌ರೇ ಏರಿಳಿಯುವುದನ್ನು ತೋರಿಸುವ ಗ್ರಾಫ್) ಪೈಥಾನ್‌ನಲ್ಲಿ ಸಾವಿರಗಟ್ಟಲೆ ಹುಟ್ಟಿಸಿದೆ. ಅದೇ ಉದ್ದ, ಅದೇ ಬಿನ್, ಅದೇ ಇಳಿಜಾರಿನ ಸ್ಪೆಕ್ಟ್ರಮ್, ಮೇಲೆ ಪಾಯ್ಸನ್ ನಾಯ್ಸ್ (ಎಣಿಕೆಯಲ್ಲಿ ತಾನಾಗೇ ಬರುವ ಏರುಪೇರು). ಅಷ್ಟೇ ಎತ್ತರದ ಮೊನೆ ಎಷ್ಟು ಸಲ ಬರುತ್ತದೆ ಅಂತ ಎಣಿಸಬೇಕು, ಅದೂ 0.00027ರಲ್ಲಿ ಮಾತ್ರ ಅಲ್ಲ, ನಾವು ಹುಡುಕಿದ ಎಲ್ಲ ಫ್ರೀಕ್ವೆನ್ಸಿಗಳಲ್ಲೂ. ಈ ಎರಡನೇ ಮಾತನ್ನು ಬಿಟ್ಟರೆ ಸುಮ್ನೆ ಸುಳ್ಳು ಧೈರ್ಯ ಬರುತ್ತದೆ. ನಕಲಿಗಳಲ್ಲಿ ಅಂಥ ಮೊನೆ ತೀರಾ ಅಪರೂಪಕ್ಕೆ ಬಂತು.

ನನಗೆ ಅದಕ್ಕಿಂತ ನಂಬಿಕೆ ತಂದದ್ದು ಬೇರೆ. ನೋಟದ ಆರಂಭದಲ್ಲಿ ಲಯ ಸ್ವಲ್ಪ ತಪ್ಪುತ್ತದೆ, ಆಮೇಲೆ ಹದಿನಾರು ಅಲೆಗಳು ಒಂದರ ಹಿಂದೆ ಒಂದು ಸರಿಯಾಗಿ ಬರುತ್ತವೆ. 1 ಕೆಇವಿಗಿಂತ ಮೇಲಿನ ಎಕ್ಸ್‌ರೇ ಮಾತ್ರ ಇಟ್ಟುಕೊಂಡರೆ ಅಲೆ ಇನ್ನೂ ಎದ್ದು ಕಾಣುತ್ತದೆ. 2018ರ ಡೇಟಾದಲ್ಲೂ ಲಯ ಇದೆ, ಆದರೆ ಅವಧಿ ಸ್ವಲ್ಪ ಕಮ್ಮಿ.

ಈಗ ಜಿಎಸ್‌ಎನ್ 069 ಅನ್ನೋ ಇನ್ನೊಂದು ಗೆಲಾಕ್ಸಿ ಹಿಡಿದಿದ್ದೇನೆ. ಅದು ಸುಮಾರು ಒಂಬತ್ತು ಗಂಟೆಗೊಮ್ಮೆ ಎಕ್ಸ್‌ರೇಯಲ್ಲಿ ಸಿಡಿಯುತ್ತದೆ, ಗ್ರಾಫ್‌ನಲ್ಲಿ ಕಣ್ಣಿಗೇ ಕಾಣುವಾಗ ನಕಲಿ ಕರ್ವ್ ಯಾಕೆ, ಅಲ್ವಾ? ಅಲ್ಲಿ ಎರಡು ಸಿಡಿತಗಳ ನಡುವಿನ ಅಂತರ ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಒಂದೊಂದೇ ಸಿಡಿತದ ತುದಿಯ ಹೊತ್ತು ಗುರುತಿಸುತ್ತಾ ಕೂತಿದ್ದೇನೆ.